ಹಳೆಯ ಟಿ.ವಿ. ಗೇಮ್ ಪೆಟ್ಟಿಗೆಗೆ ಬಂದ ಹಳದಿ: ಮಲೆನಾಡಿನ ಮನೆಗಳಿಗಾಗಿ ದೋಷಪತ್ತೆ ಮತ್ತು ನಿವಾರಣೆ

ಕಳೆದ ಮಾಘದಲ್ಲಿ ತೀರ್ಥಹಳ್ಳಿ ಸಮೀಪದ ನಮ್ಮ ಸೋದರತ್ತೆಯ ಮನೆಯ ಅಟ್ಟದಿಂದ ಎರಡು ಟಿ.ವಿ. ಗೇಮ್ ಪೆಟ್ಟಿಗೆಗಳು ಕೆಳಗಿಳಿದವು. ಒಂದು, ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಪೇಟೆಯಲ್ಲಿ ಕೊಂಡಿದ್ದ, ಜಪಾನಿನ ಫ್ಯಾಮಿಕಾಮ್ ಮಾದರಿಯ ನಕಲು. ಕ್ಯಾಸೆಟ್ ಹಾಕಿ ಆಡುವ ಬಿಳಿಯ ಪೆಟ್ಟಿಗೆ. ಇನ್ನೊಂದು, ಅಮೆರಿಕದಲ್ಲಿದ್ದ ಬಂಧುಗಳು ತಂದುಕೊಟ್ಟಿದ್ದ ಸೂಪರ್ ನಿಂಟೆಂಡೊ. ಎರಡೂ ಹಳದಿಗಟ್ಟಿದ್ದವು, ನೋಡಿದವರೆಲ್ಲ ಎರಡಕ್ಕೂ ಒಂದೇ ರೋಗ ಎಂದರು. ಅತ್ತೆ ಮಾತ್ರ ಬಿಳಿಯ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು, "ಇದು ಬಚ್ಚಲೊಲೆ ಹೊಗೆ ಕಣೋ, ಮಗಾ, ವಾಸನೆ ನೋಡು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆಯೊಳಗೆ ಆ ಪೆಟ್ಟಿಗೆ ಬೆಳ್ಳಗಾಯಿತು. ಸೂಪರ್ ನಿಂಟೆಂಡೊ ಎಷ್ಟು ತೊಳೆದರೂ ಕದಲಲಿಲ್ಲ, ಅದಕ್ಕೆ ಮೂರು ದಿನದ ಬಿಸಿಲೂ ಹೈಡ್ರೋಜನ್ ಪೆರಾಕ್ಸೈಡೂ ಬೇಕಾದವು.

ಹಳದಿಗೆ ಮದ್ದು ಹುಡುಕುವವರು ಸಾಮಾನ್ಯವಾಗಿ ನೇರವಾಗಿ ಪೆರಾಕ್ಸೈಡಿಗೆ ಕೈಹಾಕುತ್ತಾರೆ. ಅದು ಒಂದೇ ಒಂದು ಬಗೆಯ ಹಳದಿಗೆ ಸರಿಯಾದ ಮದ್ದು. ಮಿಕ್ಕ ಬಗೆಗಳಿಗೆ ಅದನ್ನು ಬಳಸಿದರೆ ಅಚ್ಚಾದ ಅಕ್ಷರ ಮಾಸಬಹುದು, ಬಣ್ಣದ ಗುಂಡಿಗಳು ಪೇಲವವಾಗಬಹುದು, ಇಲ್ಲವೇ ಇದ್ದ ಕಲೆಯೇ ಇನ್ನಷ್ಟು ಗಟ್ಟಿಯಾಗಿ ಕೂರಬಹುದು. ಆದ್ದರಿಂದ ಈ ಬರಹದಲ್ಲಿ ಪತ್ತೆಯ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಿಚ್ಚುವ ಮುನ್ನ ಮತ್ತು ಬಿಚ್ಚುವಾಗ

ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಸ್ವಿಚ್ಚನ್ನು ಒಮ್ಮೆ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರು ಮಾಡಬೇಕು. ಮೊದಲ ಕೆಲಸ ಫೋಟೊ ತೆಗೆಯುವುದು. ಹಗಲಿನ ಬೆಳಕಿನಲ್ಲಿ, ನೆರಳಿನಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನಿಟ್ಟು ಎಲ್ಲ ಬದಿಗಳ ಚಿತ್ರ ತೆಗೆದಿಡಿ. ಕಣ್ಣು ಹಳದಿಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಎರಡನೆಯ ದಿನ "ಬಣ್ಣ ಬದಲಾಗಿದೆಯೋ ಇಲ್ಲವೋ" ಎಂಬ ಅನುಮಾನ ಬಂದಾಗ ಆ ಬಿಳಿ ಹಾಳೆಯೇ ಸಾಕ್ಷಿ.

ನಕಲು ಪೆಟ್ಟಿಗೆಗಳನ್ನು ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು. ಸೂಪರ್ ನಿಂಟೆಂಡೊದಂಥವುಗಳ ಸ್ಕ್ರೂ ತಲೆಗೆ ಆ ಡ್ರೈವರ್ ಕೂರುವುದಿಲ್ಲ, ಪೆಟ್ಟಿಗೆಗೆ 4.5 ಮಿಲಿಮೀಟರಿನ, ಅದರ ಕ್ಯಾಸೆಟ್ಟಿಗೆ 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂ ಬಿಟ್ ಬೇಕು. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಅಚ್ಚು ಮಾಡಿ ತಿರುಗಿಸುವ ಉಪಾಯವನ್ನು ಹಲವರು ಮಾಡುತ್ತಾರೆ, ಆದರೆ ಮೂವತ್ತು ವರ್ಷ ಬಿಗಿದುಕೊಂಡಿದ್ದ ಸ್ಕ್ರೂ ಅದಕ್ಕೆ ಜಗ್ಗದೆ, ಅದು ಕೂರುವ ಪ್ಲಾಸ್ಟಿಕ್ ಕಂಬದ ಬುಡವೇ ಸೀಳಿಕೊಂಡದ್ದನ್ನು ನಾನು ಕಂಡಿದ್ದೇನೆ. ಸರಿಯಾದ ಬಿಟ್ ತರಿಸಿಕೊಳ್ಳುವುದೇ ಲೇಸು. ಬಿಚ್ಚಿದ ಸ್ಕ್ರೂಗಳನ್ನು ಒಂದು ಥರ್ಮೊಕೋಲ್ ತುಂಡಿನ ಮೇಲೆ, ಪೆಟ್ಟಿಗೆಯಲ್ಲಿ ಅವು ಇದ್ದ ಸ್ಥಾನಕ್ಕೆ ಸರಿಯಾಗಿ ಚುಚ್ಚಿಟ್ಟರೆ ಉದ್ದ ಗಿಡ್ಡಗಳು ಅದಲುಬದಲಾಗುವುದಿಲ್ಲ.

ಹಳದಿಗಟ್ಟಿದ ಪ್ಲಾಸ್ಟಿಕ್ ಪೆಡಸಾಗಿರುತ್ತದೆ ಎಂಬುದನ್ನು ಬಿಚ್ಚುವಾಗ ಮರೆಯಬಾರದು. ಹೊಸತರಲ್ಲಿ ಬಾಗುತ್ತಿದ್ದ ಕೊಕ್ಕೆಗಳು ಈಗ ಪಟ್ಟನೆ ಮುರಿಯುತ್ತವೆ. ಪುಷ್ಯದ ಚಳಿಯ ಬೆಳಗಿನಲ್ಲಂತೂ ಬಿಚ್ಚಲೇ ಬೇಡಿ. ಮಧ್ಯಾಹ್ನ ಪೆಟ್ಟಿಗೆ ತುಸು ಬೆಚ್ಚಗಾದ ಮೇಲೆ ಬಿಚ್ಚಿ.

ಮೇಲೆ ಕುಳಿತ ಬಣ್ಣವೋ, ಪ್ಲಾಸ್ಟಿಕ್ಕಿನದೇ ಬಣ್ಣವೋ

ಪೆಟ್ಟಿಗೆ ಬಿಚ್ಚಿದೊಡನೆ ಎರಡೂ ಅರ್ಧಗಳ ಒಳಮೈ ನೋಡಬೇಕು. ಹೊರಮೈ ಹಳದಿಯಾಗಿದ್ದು ಒಳಮೈ ಮೂಲ ಬಣ್ಣದಲ್ಲೇ ಇದ್ದರೆ ಎರಡು ಸಾಧ್ಯತೆಗಳಿವೆ: ಬೆಳಕು ಬಿದ್ದು ಹೊರಮೈಯ ಪ್ಲಾಸ್ಟಿಕ್ಕೇ ಬದಲಾಗಿರಬಹುದು, ಅಥವಾ ಹೊರಮೈ ಮೇಲೆ ಏನೋ ಕೂತಿರಬಹುದು. ಒಳಗೂ ಹೊರಗೂ ಒಂದೇ ಸಮನಾಗಿ ಹಳದಿಯಾಗಿದ್ದರೆ ಕಲೆಯ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಅದು ಕಾವು ಮತ್ತು ಗಾಳಿಯಿಂದ ಪ್ಲಾಸ್ಟಿಕ್ ಮುಪ್ಪಾದ ಗುರುತು. ಹಳದಿಯ ಅಂಚನ್ನೂ ಗಮನಿಸಿ. ಲೇಬಲ್ಲಿನ ಅಡಿಯಲ್ಲಿ, ಕ್ಯಾಸೆಟ್ ಬಾಗಿಲಿನ ಮರೆಯಲ್ಲಿ, ರಬ್ಬರ್ ಕಾಲಿನ ಕೆಳಗೆ ಬಣ್ಣ ಹಾಗೇ ಉಳಿದು, ಗೆರೆ ಎಳೆದಂತೆ ಹಳದಿ ಆರಂಭವಾಗಿದ್ದರೆ ಅದು ಬೆಳಕಿನ ಕೆಲಸ. ಮೋಡದಂತೆ ಹರಡಿದ್ದರೆ, ಬೆರಳಿನ ಗುರುತಿನಂತಿದ್ದರೆ, ಸಂದುಗಳಲ್ಲಿ ದಟ್ಟವಾಗಿದ್ದರೆ ಅದು ಹೊರಗಿನಿಂದ ಬಂದದ್ದು.

ಇಲ್ಲಿ ನಮ್ಮ ಕಡೆಯ ಮನೆಗಳಿಗೇ ವಿಶೇಷವಾದ ಕೆಲವು ಬಣ್ಣಗಳ ವಿಚಾರವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಬೇರೆ ದೇಶದವರು ಬರೆದ ಸೂಚನೆಗಳಲ್ಲಿ ಸಿಗರೇಟಿನ ಹೊಗೆಯ ಮಾತು ಇರುತ್ತದೆಯೇ ಹೊರತು ಇವು ಇರುವುದಿಲ್ಲ.

ಮೊದಲನೆಯದು ಒಲೆಯ ಹೊಗೆ. ಕಟ್ಟಿಗೆ ಒಲೆಯ ಅಡುಗೆಮನೆ, ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ಇವುಗಳ ಹೊಗೆ ಅಟ್ಟಕ್ಕೆ ಏರುತ್ತದೆ. ಇಲ್ಲಣದ ಜೊತೆಗೆ ಕಂದುಹಳದಿಯ ಅಂಟು ಪದರವೊಂದು ಅಲ್ಲಿಟ್ಟ ಪ್ರತಿಯೊಂದು ವಸ್ತುವಿನ ಮೇಲೂ ಕೂರುತ್ತದೆ. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮರೆಯ ಜಾಗದಲ್ಲಿ ಹತ್ತು ಸಲ ಮೆಲ್ಲಗೆ ಉಜ್ಜಿ. ಹತ್ತಿ ಕಂದಾಗಿ ಪ್ಲಾಸ್ಟಿಕ್ ತಿಳಿಯಾದರೆ ನಿಮ್ಮ ಪೆಟ್ಟಿಗೆಗೆ ಬಂದಿರುವುದು ಹೊಗೆಯ ಜಿಡ್ಡು. ಸೋಪು ನೀರು, ಮೃದುವಾದ ಹಲ್ಲುಜ್ಜುವ ಬ್ರಷ್, ತಾಳ್ಮೆ ಇಷ್ಟೇ ಸಾಕು. ಹತ್ತಿ ಬೆಳ್ಳಗೇ ಉಳಿದರೆ ಮುಂದಕ್ಕೆ ಹೋಗಬೇಕು.

ಎರಡನೆಯದು ಅರಿಶಿನ. ಆಯುಧಪೂಜೆಯ ದಿನ ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ ಇಟ್ಟಂತೆಯೇ ಮಕ್ಕಳು ಹಟ ಮಾಡಿ ಗೇಮ್ ಪೆಟ್ಟಿಗೆಗೂ ಅರಿಶಿನ ಕುಂಕುಮ ಇಡಿಸಿರುತ್ತಾರೆ. ಆ ಬೊಟ್ಟು ಎಣ್ಣೆ ಕೈಯಲ್ಲಿ ಒರೆಸಿಹೋಗಿ ಅಂಗೈಯಗಲದ ಹಳದಿಯಾಗಿ ಉಳಿದಿರುತ್ತದೆ. ಇದನ್ನು ಗುರುತಿಸುವುದು ಬಹಳ ಸುಲಭ: ಬಟ್ಟೆ ಸೋಪನ್ನು ಒದ್ದೆ ಮಾಡಿ ಅದರ ಮೇಲೆ ಸವರಿದರೆ ಅರಿಶಿನದ ಹಳದಿ ಕೆಂಪಿಗೆ ತಿರುಗುತ್ತದೆ, ಪ್ಲಾಸ್ಟಿಕ್ಕಿನದೇ ಆದ ಹಳದಿ ತಿರುಗುವುದಿಲ್ಲ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ. ಆ ಕೆಂಪನ್ನು ತೊಳೆದು, ಆಲ್ಕೋಹಾಲಿನಿಂದ ಒರೆಸಿ, ಉಳಿದದ್ದನ್ನು ಬರೀ ಬಿಸಿಲಿಗೆ ಬಿಟ್ಟರೆ ಅದು ತಾನಾಗಿ ಮಾಸುತ್ತದೆ.

ಮೂರನೆಯದು ಅಡಿಕೆಯ ಚೊಗರು. ಕೊಯ್ಲಿನ ತಿಂಗಳುಗಳಲ್ಲಿ ಮನೆಮಂದಿಯ ಕೈಗಳೆಲ್ಲ ಕಂದಾಗಿರುತ್ತವೆ, ಅದೇ ಕೈಯಲ್ಲಿ ಹಿಡಿದ ಕಂಟ್ರೋಲರಿಗೂ ಬಣ್ಣ ಹತ್ತುತ್ತದೆ. ಇದು ಹಳದಿಗಿಂತ ಕೆಂಗಂದು. ಗುಂಡಿಗಳ ಸುತ್ತ, ಹಿಡಿಯುವ ಮೂಲೆಗಳಲ್ಲಿ ದಟ್ಟವಾಗಿರುತ್ತದೆ. ಚೊಗರಿನ ಕಲೆಗೆ ಎರಡು ವಸ್ತುಗಳನ್ನು ಸೋಂಕಿಸಬಾರದು. ವಾಷಿಂಗ್ ಸೋಡದಂಥ ಕ್ಷಾರ ಬಿದ್ದರೆ ಅದು ಇನ್ನಷ್ಟು ಕಂದಾಗುತ್ತದೆ, ಕಬ್ಬಿಣದಂಶವಿರುವ ನೀರು ಬಿದ್ದರೆ ಕಪ್ಪಾಗುತ್ತದೆ. ಶುದ್ಧ ನೀರಿನಲ್ಲಿ ತುಸು ನಿಂಬೆರಸ ಬೆರೆಸಿ ಒರೆಸಿ ತೊಳೆದು, ಬಳಿಕವೂ ಉಳಿದರೆ ಔಷಧಿ ಅಂಗಡಿಯ ತೆಳುವಾದ ಪೆರಾಕ್ಸೈಡನ್ನು ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಮಾತ್ರ ಇಡಬೇಕು. ನಿಂಬೆರಸವನ್ನು ಪೂರ್ತಿ ತೊಳೆದ ಮೇಲೆಯೇ ಪೆರಾಕ್ಸೈಡ್ ಮುಟ್ಟಿಸಿ.

ಇವಲ್ಲದೆ ಬೂಷ್ಟು ಇದೆ. ಆಷಾಢ ಶ್ರಾವಣಗಳಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಮೇಲೆ ಬೂದು ಚುಕ್ಕೆಗಳಾಗಿ ಬೆಳೆದು, ಒರೆಸಿದ ಮೇಲೂ ಹಳದಿ ನೆರಳು ಬಿಡುತ್ತದೆ. ಒಳಗಿನ ತಗಡಿನ ಮುಚ್ಚಳ ತುಕ್ಕು ಹಿಡಿದು ಇಳಿದ ಕಲೆಯೂ ಇದೆ; ಅದು ಸ್ಕ್ರೂ ತೂತುಗಳ ಸುತ್ತ ಕಿತ್ತಳೆ ಬಣ್ಣದಲ್ಲಿರುವುದರಿಂದ ಮೋಸಹೋಗುವ ಭಯವಿಲ್ಲ. ಹಳೆಯ ಸೆಲ್ಲೋಟೇಪಿನ ಅಂಟು ಚೌಕಾಕಾರದಲ್ಲಿ ಹಳದಿಯಾಗಿರುತ್ತದೆ, ಅದೂ ಆಲ್ಕೋಹಾಲಿಗೆ ಬಿಡುತ್ತದೆ.

ಇಷ್ಟೆಲ್ಲ ಒರೆಸುವಾಗ ಏನನ್ನು ಮುಟ್ಟಬಾರದು ಎಂಬುದೂ ಅಷ್ಟೇ ಮುಖ್ಯ. ಉಗುರಿನ ಬಣ್ಣ ತೆಗೆಯುವ ಅಸಿಟೋನ್, ಪೇಂಟಿನ ಥಿನ್ನರ್, ಪೆಟ್ರೋಲ್, ಇವು ಈ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತವೆ ಅಥವಾ ಬಿರುಕು ಬಿಡಿಸುತ್ತವೆ. ಟೂತ್‌ಪೇಸ್ಟ್, ಪಾತ್ರೆ ಪುಡಿ, ಮರಳುಕಾಗದ ಇವು ಕಲೆಯ ಜೊತೆಗೆ ಮೈಮೇಲಿನ ನವಿರಾದ ತರಿಯನ್ನೂ ಉಜ್ಜಿ ನುಣುಪು ಮಾಡಿಬಿಡುತ್ತವೆ; ಹೋದ ಬಣ್ಣ ಮರಳಿ ಬರಬಹುದು, ಹೋದ ತರಿ ಬರುವುದಿಲ್ಲ. ಬ್ಲೀಚಿಂಗ್ ಪೌಡರ್ ಈ ಹಳದಿಗೆ ಮದ್ದಲ್ಲ, ಅದನ್ನು ಪೆರಾಕ್ಸೈಡಿನ ಜೊತೆ ಬೆರೆಸುವುದಂತೂ ಅಪಾಯ.

ಪ್ಲಾಸ್ಟಿಕ್ ತಾನೇ ಹಳದಿಯಾಗುವುದು ಏಕೆ

ಹೆಚ್ಚಿನ ಗೇಮ್ ಪೆಟ್ಟಿಗೆಗಳ ಕವಚ ಎಬಿಎಸ್ ಎಂಬ ಪ್ಲಾಸ್ಟಿಕ್. ಅಕ್ರಿಲೊನೈಟ್ರೈಲ್, ಬ್ಯುಟಾಡೈಯೀನ್, ಸ್ಟೈರೀನ್ ಈ ಮೂರರ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ. ಒಳಮೈಯಲ್ಲಿ ಎಬಿಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಹಲವು ಬಾರಿ ಉಬ್ಬಚ್ಚಾಗಿ ಇರುತ್ತವೆ. ಅದು ಇಲ್ಲದಿದ್ದರೆ ಬಿಡಿ ಭಾಗವೊಂದನ್ನು ನೀರಿಗೆ ಹಾಕಿ, ಗಾಳಿಗುಳ್ಳೆ ಉಳಿಯದಂತೆ ಪೂರ್ತಿ ಒದ್ದೆ ಮಾಡಿ ನೋಡಿ: ಎಬಿಎಸ್ ನೀರಿಗಿಂತ ತುಸು ಭಾರವಾದ್ದರಿಂದ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಮುಂದೆ ಹೇಳುವ ವಿಧಾನ ಎಬಿಎಸ್‌ಗೆ ಸಂಬಂಧಿಸಿದ್ದು. ರಬ್ಬರ್ ಗುಂಡಿ, ವೈರಿನ ಹೊದಿಕೆ, ಪಾರದರ್ಶಕ ಕಿಟಕಿ ಇವುಗಳ ಹಳದಿಗೆ ಅದನ್ನು ಪ್ರಯೋಗಿಸಬೇಡಿ.

ಎಬಿಎಸ್‌ನಲ್ಲಿ ಪೆಟ್ಟು ತಡೆಯುವ ರಬ್ಬರಿನ ಗುಣವನ್ನು ಕೊಡುವುದು ಬ್ಯುಟಾಡೈಯೀನ್. ಬೇಗ ಕೆಡುವುದೂ ಅದೇ. ಅದರ ಇಂಗಾಲದ ಜೋಡಿಬಂಧಗಳನ್ನು ನೇರಳಾತೀತ ಬೆಳಕು ಮತ್ತು ಕಾವಿನ ನೆರವಿನಿಂದ ಗಾಳಿಯ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹಾಗೆ ಉಂಟಾಗುವ ಹೊಸ ಗುಂಪುಗಳು ನೀಲಿ ಬೆಳಕನ್ನು ನುಂಗುತ್ತವೆ, ನೀಲಿ ಕಳೆದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಬೆಂಕಿ ಹತ್ತದಿರಲೆಂದು ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳೇ ಈ ಹಳದಿಗೆ ಕಾರಣ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅವು ಹಳದಿಯನ್ನು ಹೆಚ್ಚಿಸಬಲ್ಲವು ಎನ್ನುವುದು ಸರಿ, ಆದರೆ ಎಲ್ಲ ತಪ್ಪನ್ನೂ ಅವುಗಳ ಮೇಲೆ ಹೊರಿಸಲಾಗದು. 1963ರಿಂದ ಎಬಿಎಸ್‌ನಲ್ಲಿ ತಯಾರಾಗುತ್ತಿರುವ ಲೆಗೊ ಇಟ್ಟಿಗೆಗಳ ಬಿಳಿಯೂ ಬಿಸಿಲಿಗೆ ಹಳದಿಯಾಗುತ್ತದೆ.

ಸೂಪರ್ ನಿಂಟೆಂಡೊವನ್ನು ಬಿಚ್ಚಿದವರೆಲ್ಲ ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಅಮೆರಿಕದಲ್ಲಿ 1991ರಲ್ಲಿ ಬಿಡುಗಡೆಯಾದ ಆ ಪೆಟ್ಟಿಗೆಯ ಆರಂಭದ ತಯಾರಿಕೆಗಳಲ್ಲಿ ಮೇಲಿನ ಅರ್ಧ ಮಾವಿನ ಹಣ್ಣಿನಂತೆ ಹಳದಿಯಾಗಿದ್ದು ಕೆಳಗಿನ ಅರ್ಧ ಬೂದುಬಣ್ಣದಲ್ಲೇ ಉಳಿದಿರುವುದು ಸಾಮಾನ್ಯ. ಒಂದೇ ಮನೆ, ಒಂದೇ ಬೆಳಕು, ಒಂದೇ ವಯಸ್ಸು. ಆದರೂ ಈ ವ್ಯತ್ಯಾಸ ಬರುವುದು ಎರಡು ಅರ್ಧಗಳಿಗೆ ಬಳಸಿದ ಪ್ಲಾಸ್ಟಿಕ್ಕಿನ ಪಾಕ ಬೇರೆ ಬೇರೆಯಾಗಿದ್ದರಿಂದ. ಅತ್ತೆಯ ಮನೆಯ ಪೆಟ್ಟಿಗೆಯೂ ಹೀಗೆಯೇ ಇತ್ತು. ಇದನ್ನು ಕಂಡು "ಅರ್ಧ ಬದಲಾಯಿಸಿದ್ದಾರೆ" ಎಂದುಕೊಳ್ಳಬೇಕಿಲ್ಲ. ಬದಲಿಗೆ ಅದೊಂದು ಅನುಕೂಲ: ಕೆಡದ ಅರ್ಧವೇ ನಿಮಗೆ ಮೂಲ ಬಣ್ಣದ ಮಾದರಿ.

ದ್ರಾವಣ ಮತ್ತು ಬಾವಿ ನೀರು

ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬೆಳಕಿನಿಂದ ಈ ಹಳದಿಯನ್ನು ಇಳಿಸುವ ವಿಧಾನ 2008ರಲ್ಲಿ ಹಳೆಯ ಕಂಪ್ಯೂಟರ್ ಪ್ರಿಯರ ಪ್ರಯೋಗಗಳಿಂದ ರೂಪುಗೊಂಡು ರೆಟ್ರೊಬ್ರೈಟ್ ಎಂಬ ಹೆಸರು ಪಡೆಯಿತು. ಪೆರಾಕ್ಸೈಡ್ ನೀಲಿ ನುಂಗುವ ಆ ಗುಂಪುಗಳನ್ನು ಮುರಿದು ಬಣ್ಣವಿಲ್ಲದವುಗಳಾಗಿ ಮಾಡುತ್ತದೆ. ಬಣ್ಣ ಹೋಗುತ್ತದೆ, ಆದರೆ ಬ್ಯುಟಾಡೈಯೀನ್ ಮತ್ತೆ ಮೊದಲಿನಂತಾಗುವುದಿಲ್ಲ. ಪೆಡಸು ಪೆಡಸಾಗಿಯೇ ಉಳಿಯುತ್ತದೆ, ಹಳದಿ ವರ್ಷಗಳ ಮೇಲೆ ಮರುಕಳಿಸಬಹುದು. ಇದನ್ನು ತಿಳಿದೇ ಕೆಲಸಕ್ಕೆ ಇಳಿಯಬೇಕು.

ಔಷಧಿ ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ಸಾಮಾನ್ಯವಾಗಿ 20 ವಾಲ್ಯೂಮ್ ಎಂದಿರುತ್ತದೆ. ಒಂದು ಅಳತೆ ದ್ರಾವಣದಿಂದ ಇಪ್ಪತ್ತು ಅಳತೆ ಆಮ್ಲಜನಕ ಹೊರಡುತ್ತದೆ ಎಂದು ಅದರ ಅರ್ಥ, ಅದು ಶೇ. 6ರ ಬಲಕ್ಕೆ ಸಮ. ಕೂದಲಿಗೆ ಬಣ್ಣ ಹಚ್ಚುವವರು ಬಳಸುವ ಡೆವಲಪರಿನ ಮೇಲೆ 30 ಇದ್ದರೆ ಶೇ. 9, 40 ಇದ್ದರೆ ಶೇ. 12. ಮುಳುಗಿಸುವ ವಿಧಾನಕ್ಕೆ ಶೇ. 3ರಿಂದ 6 ಸಾಕು. 40 ವಾಲ್ಯೂಮಿನ ನೀರಾದ ದ್ರಾವಣ ಒಂದು ಲೀಟರ್ ಇದ್ದರೆ ಅದಕ್ಕೆ ಮೂರು ಲೀಟರ್ ನೀರು ಸೇರಿಸಿ ಶೇ. 3ರ ನಾಲ್ಕು ಲೀಟರ್ ಮಾಡಿಕೊಳ್ಳಬಹುದು. ಕಾರ್ಖಾನೆಗಳಿಗೆ ಕ್ಯಾನಿನಲ್ಲಿ ಬರುವ ಶೇ. 30, 50ರ ಪೆರಾಕ್ಸೈಡನ್ನು ಮನೆಗೆ ತರಲೇಬೇಡಿ. ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಶೇ. 6ರದ್ದಕ್ಕೂ ಕೈಗವಸು ಮತ್ತು ಕಣ್ಣಿನ ಕನ್ನಡಕ ಬೇಕು. ಪೆರಾಕ್ಸೈಡಿರುವ ಪಾತ್ರೆಯನ್ನು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಬಾರದು, ಹೊರಡುವ ಆಮ್ಲಜನಕಕ್ಕೆ ದಾರಿ ಇರಬೇಕು. ವಿನೆಗರ್ ಬೆರೆಸಬಾರದು.

ಇನ್ನು ನೀರಿನ ವಿಚಾರ. ನಾನು ಮೊದಲ ಬಾರಿ ಈ ಕೆಲಸ ಮಾಡಿದಾಗ ನಮ್ಮ ಮನೆಯ ಬಾವಿ ನೀರನ್ನೇ ಬೆರೆಸಿದ್ದೆ. ದ್ರಾವಣ ಸಣ್ಣಗೆ ನೊರೆಯಾಡುತ್ತಲೇ ಇತ್ತು, ಸಂಜೆಯವರೆಗೆ ಬಿಸಿಲಿಗಿಟ್ಟರೂ ಹಳದಿ ಇಳಿಯಲಿಲ್ಲ. ಪೆರಾಕ್ಸೈಡ್ ಹಳತಾಗಿದೆ ಎಂದುಕೊಂಡು ಇನ್ನೊಂದು ಬಾಟಲಿ ತಂದೆ, ಅದೂ ಹಾಗೆಯೇ ಆಯಿತು. ಜಂಬಿಟ್ಟಿಗೆ ನೆಲದ ನಮ್ಮ ಬಾವಿಯ ನೀರಿನಲ್ಲಿ ಕಬ್ಬಿಣದಂಶ ಇತ್ತು. ಬಕೆಟ್ಟಿನ ತಳದಲ್ಲಿ ಕೆಂಪು ಕಟ್ಟುತ್ತಿದ್ದುದನ್ನು ದಿನವೂ ಕಾಣುತ್ತಿದ್ದರೂ ಅದನ್ನು ಇದಕ್ಕೆ ಹೊಂದಿಸಿ ನೋಡಿರಲಿಲ್ಲ. ಕಬ್ಬಿಣ ಮತ್ತು ತಾಮ್ರದ ಅಂಶ ತುಸು ಇದ್ದರೂ ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದು ಹಾಕುತ್ತದೆ, ಪ್ಲಾಸ್ಟಿಕ್ಕಿಗೆ ತಲುಪಬೇಕಾದ ಬಲ ಗುಳ್ಳೆಯಾಗಿ ಹಾರಿಹೋಗುತ್ತದೆ. ಅಂದಿನಿಂದ ನಾನು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸುತ್ತಿದ್ದೇನೆ. ಇದೇ ಕಾರಣಕ್ಕೆ ತಾಮ್ರದ ಹಂಡೆ, ಕಬ್ಬಿಣದ ಬಾಣಲೆ ಬೇಡ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಉತ್ತಮ, ಬದಿಗಳಿಂದಲೂ ಬೆಳಕು ಬರುತ್ತದೆ. ಪೆಟ್ಟಿಗೆಯ ಸ್ಪ್ರಿಂಗ್, ಕಂಬಿ, ತಗಡು, ಸ್ಕ್ರೂಗಳನ್ನು ಒಂದೂ ಬಿಡದೆ ತೆಗೆದಿರಬೇಕು.

ಬಾಟಲಿಯ ಪೆರಾಕ್ಸೈಡ್ ಬಲ ಉಳಿಸಿಕೊಂಡಿದೆಯೇ ಎಂಬ ಅನುಮಾನವಿದ್ದರೆ ಎರಡು ಚಮಚದಷ್ಟನ್ನು ಗಾಜಿನ ಲೋಟಕ್ಕೆ ಹಾಕಿ ಹಸಿ ಆಲೂಗಡ್ಡೆಯ ಹೋಳೊಂದನ್ನು ಬಿಡಿ. ಬಲವಿದ್ದರೆ ಹೋಳಿನ ಸುತ್ತ ಬುರುಗು ಏಳುತ್ತದೆ. ಒಂದೆರಡು ಗುಳ್ಳೆ ಮಾತ್ರ ಬಂದರೆ ಆ ಬಾಟಲಿಯನ್ನು ನಂಬಬೇಡಿ. ಪರೀಕ್ಷೆಗೆ ತೆಗೆದದ್ದನ್ನು ಮತ್ತೆ ಬಾಟಲಿಗೆ ಸುರಿಯಬಾರದು.

ಬಿಸಿಲಿಗೆ ಇಡುವುದು

ಇಡೀ ಕವಚವನ್ನು ಮುಳುಗಿಸುವ ಮೊದಲು ಒಂದು ಚಿಕ್ಕ ಭಾಗದ ಮೇಲೆ ಪರೀಕ್ಷಿಸಬೇಕು. ಸೂಪರ್ ನಿಂಟೆಂಡೊದ ತಳದಲ್ಲಿ ಬಳಕೆಗೆ ಬಾರದ ಕನೆಕ್ಟರಿನ ಮುಚ್ಚಳವೊಂದಿದೆ, ಅದು ಹಳದಿಯಾಗಿದ್ದರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ತುಣುಕಿಲ್ಲ. ಬಣ್ಣದ ಗುಂಡಿ, ಕೆಂಪು ಭಾಗ, ಅಚ್ಚಾದ ಹೆಸರು ಇವುಗಳನ್ನು ಬೇರ್ಪಡಿಸಿ. ಬೇರ್ಪಡಿಸಲಾಗದ್ದನ್ನು ಟೇಪು ಅಂಟಿಸಿ ಮುಚ್ಚಿ. ಕಾಗದದ ಲೇಬಲ್ ಇರುವ ಭಾಗವನ್ನು ಮುಳುಗಿಸಲೇಬೇಡಿ.

ಪುಷ್ಯ ಮಾಸ ಕಳೆದು ಮೊದಲ ಮುಂಗಾರುಪೂರ್ವ ಮಳೆ ಬೀಳುವ ತನಕ, ಅಂದರೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ, ನಮ್ಮಲ್ಲಿ ಇದಕ್ಕೆ ತಕ್ಕ ಬಿಸಿಲಿರುತ್ತದೆ. ಮಂಜು ಕರಗಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಅಡಿಕೆ ಹರವುವ ಅಂಗಳದಂಥ ನೆರಳು ಬೀಳದ ಜಾಗದಲ್ಲಿ ಡಬ್ಬವಿಟ್ಟು ಕವಚವನ್ನು ಪೂರ್ತಿ ಮುಳುಗಿಸಿ. ಅದು ತೇಲಿದರೆ ನೀರು ತುಂಬಿದ ಗಾಜಿನ ಬಾಟಲಿಯನ್ನು ಒಳಬದಿಯಲ್ಲಿ ಹೇರಿ. ತೇಲಿ ನೀರಿನಿಂದ ಹೊರಗಿಣುಕಿದ ಮೂಲೆ ಮತ್ತು ಮುಳುಗಿದ ಭಾಗದ ನಡುವೆ ಗೆರೆ ಬೀಳುತ್ತದೆ. ಮೈಗೆ ಅಂಟಿದ ಗುಳ್ಳೆಗಳನ್ನು ಅರ್ಧ ಗಂಟೆಗೊಮ್ಮೆ ಮೃದುವಾದ ಬ್ರಷ್ಷಿನಿಂದ ಸರಿಸಿ, ಡಬ್ಬವನ್ನು ಕಾಲು ಸುತ್ತು ತಿರುಗಿಸಿ.

ಕಾವು ಕೆಲಸವನ್ನು ಚುರುಕು ಮಾಡುತ್ತದೆ, ಆದರೆ ಅತಿಯಾದರೆ ತೆಳುವಾದ ಅಗಲ ಭಾಗಗಳು ಸೊಟ್ಟಗಾಗುತ್ತವೆ. ದ್ರಾವಣದಲ್ಲಿ ಥರ್ಮಾಮೀಟರ್ ಇಟ್ಟು 60 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಕಾರಿನೊಳಗೆ, ಕಪ್ಪು ತಗಡಿನ ಮೇಲೆ ಇಡಬೇಡಿ. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರದ ಲೆಕ್ಕ ಸಿಗದು. ಕೆಲವು ನಾಲ್ಕು ಗಂಟೆಗೆ ಸಾಕು, ಕೆಲವು ಎರಡು ಮೂರು ದಿನ ಕೇಳುತ್ತವೆ. ಒದ್ದೆ ಪ್ಲಾಸ್ಟಿಕ್ಕಿನ ಬಣ್ಣ ಕಣ್ಣಿಗೆ ಬೇರೆಯಾಗಿ ಕಾಣುವುದರಿಂದ ತೊಳೆದು ಒಣಗಿಸಿಯೇ ಹೋಲಿಸಿ. ಮೂಲ ಬಣ್ಣಕ್ಕೆ ಬಂದೊಡನೆ ನಿಲ್ಲಿಸಿ. ಮೂಲದಲ್ಲಿ ಬೂದಾಗಿದ್ದದ್ದನ್ನು ಹಾಲುಬಿಳುಪು ಮಾಡುವ ಆಸೆಯಿಂದ ಕೆಟ್ಟ ಕವಚಗಳು ಬಹಳ.

ಆರಿದ್ರೆಯಿಂದ ಆಶ್ಲೇಷದವರೆಗೆ ಬಿಸಿಲಿನ ಮಾತೇ ಇಲ್ಲ. ಆ ದಿನಗಳಲ್ಲಿ 395ರಿಂದ 405 ನ್ಯಾನೊಮೀಟರಿನ ನೇರಳೆ ಎಲ್‌ಇಡಿ ಪಟ್ಟಿಯನ್ನು, ಒಳಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ಅದರ ನಡುವೆ ದ್ರಾವಣದ ಡಬ್ಬ ಇಡಬಹುದು. ಹಾಳೆ ದ್ರಾವಣಕ್ಕೆ ತಾಗಬಾರದು, ದೀಪವನ್ನು ನೇರವಾಗಿ ನೋಡಬಾರದು. ಅವಸರವಿಲ್ಲದವರು ಮಾಘದವರೆಗೆ ಕಾಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೀರೆ ಒಣಗದ ಮಳೆಗಾಲದಲ್ಲಿ ತೊಳೆದ ಕವಚದ ಸಂದುಗಳೂ ಒಣಗುವುದಿಲ್ಲ, ಒದ್ದೆಯಲ್ಲೇ ಜೋಡಿಸಿದರೆ ಒಳಗಿನ ತಗಡಿಗೆ ತುಕ್ಕು ಖಚಿತ.

ದೊಡ್ಡ ಕವಚಕ್ಕೆ ಸಾಲುವಷ್ಟು ದ್ರಾವಣ ಇಲ್ಲದವರು ಶೇ. 12ರ ಡೆವಲಪರ್ ಕ್ರೀಮನ್ನು ಹಚ್ಚಿ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡುತ್ತಾರೆ. ಹಾಳೆ ಎಲ್ಲಿ ಮುದುಡಿತೋ ಅಲ್ಲಿ, ಕ್ರೀಮು ಎಲ್ಲಿ ಒಣಗಿತೋ ಅಲ್ಲಿ ಪಟ್ಟೆ ಬೀಳುತ್ತದೆ. ನಾನು ಅದನ್ನು ಒಮ್ಮೆ ಮಾಡಿ ಬಿಟ್ಟಿದ್ದೇನೆ, ಇತರರಿಗೂ ಹೇಳುವುದಿಲ್ಲ.

ಕೆಲಸ ಮುಗಿದ ಮೇಲೆ ಕಾಣುವ ದೋಷಗಳು

ಹಳದಿ ಕದಲದಿದ್ದರೆ ಮೊದಲು ಆಲೂಗಡ್ಡೆ ಪರೀಕ್ಷೆ ಮಾಡಿ, ಆಮೇಲೆ ನೀರನ್ನು ಅನುಮಾನಿಸಿ, ಆಮೇಲೆ ಮೇಲ್ಮೈಯಲ್ಲಿ ಜಿಡ್ಡಿನ ಪದರ ಉಳಿದಿದೆಯೇ ನೋಡಿ. ಜಿಡ್ಡಿದ್ದರೆ ದ್ರಾವಣ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ಈ ಮೂರೂ ಸರಿಯಿದ್ದರೆ ಅದು ಎಬಿಎಸ್ ಅಲ್ಲದ ಪ್ಲಾಸ್ಟಿಕ್ಕೋ ಬಣ್ಣ ಬಳಿದ ಕವಚವೋ ಆಗಿರಬಹುದು. ಸ್ಕ್ರೂ ತೂತಿನ ಅಂಚಿನಲ್ಲಿ ಪೇಂಟಿನ ಪದರ ಕಾಣುತ್ತದೆಯೇ ಪರೀಕ್ಷಿಸಿ.

ಪಟ್ಟೆ ಅಥವಾ ಮೋಡದಂಥ ಅಸಮ ಬಣ್ಣ ಬಂದಿದ್ದರೆ ಗಾಬರಿ ಬೇಡ. ಹಿಂದುಳಿದ ಜಾಗಕ್ಕೆ ಮಾತ್ರ ದ್ರಾವಣ ಹಚ್ಚಲು ಹೋದರೆ ಹೊಸ ಅಂಚು ಮೂಡುತ್ತದೆ. ಇಡೀ ಭಾಗವನ್ನು ಶೇ. 3ರಲ್ಲಿ ಮತ್ತೆ ಮುಳುಗಿಸಿ ನಿಧಾನವಾಗಿ ಸಮ ಮಾಡುವುದೇ ದಾರಿ. ಸೂಪರ್ ನಿಂಟೆಂಡೊದಲ್ಲಿ ಎರಡನೆಯ ದಿನ ಕ್ಯಾಸೆಟ್ ಬಾಯಿಯ ಸುತ್ತ ಬಂದಿದ್ದ ಉಂಗುರ ಮೂರನೆಯ ದಿನ ಹೀಗೆಯೇ ಹೋಯಿತು.

ಸುಣ್ಣ ಮೆತ್ತಿದಂತೆ ಮೈ ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ, ಬೆರಳಾಡಿಸಿದಾಗ ಒರಟು ಹತ್ತಿದರೆ, ಅದು ಅತಿಯಾದ ಬಲದಿಂದ ಅಥವಾ ಅತಿಯಾದ ಹೊತ್ತಿನಿಂದ ಪ್ಲಾಸ್ಟಿಕ್ಕಿನ ಮೇಲ್ಪದರ ಹಾಳಾದ ಗುರುತು. ಅದನ್ನು ಪೆರಾಕ್ಸೈಡ್ ಸರಿಪಡಿಸದು, ಇನ್ನಷ್ಟು ಕೆಡಿಸುತ್ತದೆ. ಅಲ್ಲಿಗೆ ಕೈಬಿಡಬೇಕು.

ಕಂಬಗಳ ಬುಡದಲ್ಲಿ ಬಿರುಕು ಕಂಡರೆ ಎಪಾಕ್ಸಿ ಅಂಟಿನಿಂದ ಒಳಬದಿಯಲ್ಲಿ ಕಟ್ಟಿ, ಒಂದು ದಿನ ಒಣಗಲು ಬಿಟ್ಟು, ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ ಹಳೆಯ ಎಳೆಗೆ ಕೂತದ್ದು ಬೆರಳಿಗೆ ತಿಳಿದ ಮೇಲೆ ಮೆಲ್ಲಗೆ ಮುಂದಕ್ಕೆ ಬಿಗಿಯಿರಿ.

ಇಡುವ ಜಾಗ

ಬಿಸಿಲು ಬೀಳುವ ಕಿಟಕಿಯ ಎದುರಿನ ಕಪಾಟು ಬೇಡ, ಒಲೆಯ ಮೇಲಿನ ಅಟ್ಟ ಬೇಡ. ಕತ್ತಲಿನಲ್ಲಿಟ್ಟರೂ ಕಾವಿನಿಂದ ಹಳದಿ ಮರುಕಳಿಸುವುದುಂಟು, ಆದ್ದರಿಂದ ತಂಪಾದ ಒಣ ಜಾಗ ಮುಖ್ಯ. ಪಾಲಿಥೀನ್ ಚೀಲದಲ್ಲಿ ಬಿಗಿದು ಕಟ್ಟಿದರೆ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಟ್ಟು, ಆ ಪೊಟ್ಟಣಗಳನ್ನು ಪ್ರತಿ ಬೇಸಿಗೆಯಲ್ಲಿ ಬದಲಾಯಿಸಿ. ಎಲ್ಲಕ್ಕಿಂತ ಹೆಚ್ಚಾಗಿ, ಕಂಟ್ರೋಲರಿನ ವೈರನ್ನು ಪೆಟ್ಟಿಗೆಗೆ ಸುತ್ತಿ ಇಡಬೇಡಿ. ವೈರಿನ ಮೃದುವಾದ ಪಿವಿಸಿ ಹೊದಿಕೆಯಿಂದ ಅದನ್ನು ಮೃದುವಾಗಿಟ್ಟ ಎಣ್ಣೆಯಂಥ ದ್ರವ್ಯ ವರ್ಷಗಳಲ್ಲಿ ಜಿನುಗಿ ಎಬಿಎಸ್‌ಗೆ ಇಳಿದು, ತಾಗಿದ ಜಾಗವನ್ನು ಮೆತ್ತಗೆ ಮಾಡಿ ಕಾಲುವೆ ತೋಡಿದಂತೆ ಗುರುತು ಬಿಡುತ್ತದೆ. ಅತ್ತೆಯ ಮನೆಯ ಬಿಳಿಯ ಪೆಟ್ಟಿಗೆಯ ಹೊಗೆಯೆಲ್ಲ ಹೋದ ಮೇಲೆ ಅದರ ಎಡಮೂಲೆಯಲ್ಲಿ ಅಂಥ ಎರಡು ಗೆರೆಗಳು ಕಂಡವು. ಅವುಗಳಿಗೆ ಮದ್ದಿಲ್ಲ, ವೈರುಗಳನ್ನು ಈಗ ಬೇರೆಯಾಗಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದೇವೆ.